ಹತ್ತಿಯ ಎಳೆ ಅಲುಗದಷ್ಟು ಉಸಿರು

ನಮ್ಮೂರಿನವರಿಗೆ ಯಾವುದನ್ನೂ ಸ್ವಲ್ಪ ಕೊಟ್ಟು ಗೊತ್ತಿಲ್ಲ. ಚಹಾ ಕೊಟ್ಟರೆ ಕಪ್ಪು ತುಂಬಿ ಬಸಿಗೆ ಇಳಿಯಬೇಕು. ಊಟಕ್ಕೆ ಕೂತವನು ಸಾಕೆಂದು ಎಲೆಯ ಮೇಲೆ ಅಡ್ಡ ಬಿದ್ದರೆ ಅವನ ಬೆನ್ನಿನ ಮೇಲಾದರೂ ಒಂದು ಸೌಟು ಸಾರು ಸುರಿದೇ ಮುಂದಕ್ಕೆ ಹೋಗುತ್ತಾರೆ. ಬೈದರೂ ಸತ್ತ ಮುತ್ತಜ್ಜನಿಗೆ ಮುಟ್ಟುವಂತೆ ಬೈಯುತ್ತಾರೆ. ಇದನ್ನೆಲ್ಲ ಹೇಗೋ ಸಹಿಸಬಹುದು. ಆದರೆ ಉಸಿರನ್ನೂ ಇವರು ಹೀಗೆಯೇ ಕೊಡುತ್ತಾರೆ. ನನ್ನ ತಲೆ ಕೆಟ್ಟದ್ದು ಅದಕ್ಕೆ.

ಆಪರೇಷನ್ನಿಗೆಂದು ಮಂಪರು ಕೊಟ್ಟು ಮಲಗಿಸಿದರೆ ನಮ್ಮ ಊರಿನವರು ತಮ್ಮ ಉಸಿರು ತಾವು ಆಡುವುದಿಲ್ಲ. ನಂಟರಲ್ಲಿ ಒಬ್ಬರು ಪಕ್ಕದಲ್ಲಿ ಕೂತು, ಅವರ ಎರಡೂ ಮುಂಗೈ ಹಿಡಿದುಕೊಂಡು, ಅವರ ಪಾಲಿನದನ್ನೂ ಆಡಬೇಕು. ಬಲಗೈ ಹಿಡಿದರೆ ಬಲ ಪುಪ್ಪುಸಕ್ಕೆ ಹೋಗುತ್ತದೆ, ಎಡಗೈ ಹಿಡಿದರೆ ಎಡಕ್ಕೆ. ಹಿಡಿದವರ ಎದೆ ಎಷ್ಟು ಏರುತ್ತದೋ ಮಲಗಿದವರ ಎದೆಯೂ ಅಷ್ಟೇ ಏರುತ್ತದೆ. ನಂಟಸ್ತನ ಇಲ್ಲದವರು ಹಿಡಿದರೆ ಏನೂ ಏರುವುದಿಲ್ಲ. ದೊಡ್ಡಾಸ್ಪತ್ರೆಗೆ ಹೊರಗಿನಿಂದ ಉಸಿರಾಡಿಸುವ ಯಂತ್ರವೊಂದನ್ನು ತಂದಿದ್ದರು, ನಮ್ಮವರ ಎದೆ ಅದರ ಮಾತು ಕೇಳಲೇ ಇಲ್ಲ. ಈಗ ಅದರ ಮೇಲೆ ಆಯಾ ನೆಲ ಒರೆಸುವ ಬಟ್ಟೆ ಒಣಹಾಕುತ್ತಾಳೆ.

ಇಷ್ಟರಲ್ಲಿ ಸಿಟ್ಟಿಗೇಳುವಂಥದ್ದು ಏನಿಲ್ಲ. ಸಿಟ್ಟು ಬರುವುದು ಮುಂದಿನದಕ್ಕೆ. ಉಸಿರು ಕೊಡುವುದು ನಮ್ಮಲ್ಲಿ ಮಾನದ ಪ್ರಶ್ನೆ. ಕೊಟ್ಟದ್ದನ್ನು ನಾಲ್ಕು ಮಂದಿ ನೋಡಬೇಕೆಂದು ಆಪರೇಷನ್ ಕೋಣೆಗೆ ಒಂದು ಕಡೆ ಪೂರ್ತಿ ಗಾಜು ಹಾಕಿಸಿದ್ದಾರೆ. ಆಚೆ ಕೊಯ್ಯುತ್ತಿದ್ದರೆ ಈಚೆ ನಂಟರು ಶೇಂಗಾ ಸುಲಿಯುತ್ತ ಕೂತು, ಇಂಥವರ ಮನೆಯ ಅಪೆಂಡಿಕ್ಸಿಗೆ ಮಾವ ಕೊಟ್ಟ ಉಸಿರಿಗೆ ಹೊದಿಸಿದ ಹಸಿರು ಬಟ್ಟೆಯೇ ಹಾರಿತು, ಅಂಥವರ ಹರ್ನಿಯಾಕ್ಕೆ ಅಳಿಯ ಕೊಟ್ಟದ್ದು ಇರುವೆಗೂ ಸಾಲದು ಎಂದು ಮದುವೆ ಊಟದ ಹಾಗೆ ಮಾತಾಡಿಕೊಳ್ಳುತ್ತಾರೆ. ಅಪೆಂಡಿಕ್ಸು, ಹರ್ನಿಯಾ ಇದನ್ನೆಲ್ಲ ತಾಳಿಕೊಳ್ಳುತ್ತವೆ. ಪುಪ್ಪುಸ ತಾಳುವುದಿಲ್ಲ. ಎದೆ ಕೊಯ್ಸಿಕೊಂಡವರು ಮೇಜಿನಿಂದ ಬದುಕಿಯೇ ಇಳಿಯುತ್ತಿದ್ದರು, ಆಮೇಲೆ ಎರಡು ಮೂರು ದಿನದಲ್ಲಿ ಎದೆಯಲ್ಲಿ ನೀರು ತುಂಬಿ ಹೋಗಿಬಿಡುತ್ತಿದ್ದರು. ಮಣ್ಣಿಗೆ ಹೋದವರು ವಾಪಸ್ ಬರುವಾಗ, ಋಣ ತೀರಿತ್ತು, ಉಸಿರು ಕೊಡುವುದರಲ್ಲಂತೂ ಮನೆಯವರು ಏನೂ ಕಡಿಮೆ ಮಾಡಲಿಲ್ಲ ಎನ್ನುತ್ತಿದ್ದರು.

ನನ್ನ ಅಕ್ಕ ಫಕೀರವ್ವ ಗಂಡನ ಮನೆ ಬಿಟ್ಟು ಬಂದು ನಮ್ಮ ಕುರಿ ನೋಡಿಕೊಂಡಿದ್ದಳು. ಬಿಟ್ಟು ಬಂದಳು ಎನ್ನುವುದು ಅವ್ವ ಮರ್ಯಾದೆಗೆ ಆಡುವ ಮಾತು. ಅವಳ ಅತ್ತೆ ತಿಪ್ಪವ್ವ ಟ್ರಂಕನ್ನು ಹೊತ್ತು ತಂದು ಬೀದಿಯಲ್ಲಿಟ್ಟು, ಹೊತ್ತಲ್ಲದ ಹೊತ್ತಿನಲ್ಲಿ ಕೆಮ್ಮುವವಳು ನನ್ನ ಮನೆಗೆ ಬೇಡ, ಬಳೆ ಅಂಗಡಿಗೆ ಗಿರಾಕಿ ಬರುವುದಿಲ್ಲ, ನನಗೆ ನಿದ್ದೆ ಬರುವುದಿಲ್ಲ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಗಂಡ ಬಾಗಿಲ ಹಿಂದೆ ಚಿಲಕ ಹಿಡಿದುಕೊಂಡು ನಿಂತಿದ್ದ. ಹ್ಞೂಂ ಎನ್ನಲಿಲ್ಲ, ಹ್ಞಾಂ ಎನ್ನಲಿಲ್ಲ. ಹೆಸರು ಮಾತ್ರ ಈರಭದ್ರ. ಟ್ರಂಕು ಎತ್ತಿಕೊಂಡು ಬಂದವನು ನಾನು. ಅವತ್ತೇ ಅವನ ಕಪಾಳಕ್ಕೆಂದು ಒಂದು ಏಟು ತೆಗೆದಿಟ್ಟಿದ್ದೆ, ಕೊಡಲು ಅವನು ಕೈಗೆ ಸಿಕ್ಕಿರಲಿಲ್ಲ.

ಕೆಮ್ಮು ಅಕ್ಕನ ತಪ್ಪಾಗಿರಲಿಲ್ಲ. ಒಂದು ದಿನ ಕೆಮ್ಮುತ್ತ ಕೆಮ್ಮುತ್ತ ಬಾಯಿಗೆ ಉಪ್ಪುಪ್ಪು ನೀರು ಬಂತು ಎಂದಳು. ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದರೆ ಎಡ ಪುಪ್ಪುಸದಲ್ಲಿ ತೆಂಗಿನಕಾಯಿಯಷ್ಟು ನೀರುಗುಳ್ಳೆ. ಕುರಿ ಕಾಯುವ ನಾಯಿಯ ಹೊಟ್ಟೆಯ ಹುಳದಿಂದ ಬರುವಂಥದಂತೆ, ಅವಳು ಸಣ್ಣವಳಿದ್ದಾಗಲೇ ಹೊಕ್ಕು ಬೆಳೆಯುತ್ತ ಕೂತಿತ್ತಂತೆ. ಒಳಗೇ ಒಡೆದರೆ ಅವಳು ಆ ನೀರಿನಲ್ಲೇ ಮುಳುಗುತ್ತಾಳೆ, ತಡ ಮಾಡದೆ ತೆಗೆಯಬೇಕು ಎಂದರು.

ಮಂಪರಿನ ಡಾಕ್ಟರು ಮೆಹರುನ್ನಿಸಾ ಎಂದು, ಬೇರೆ ಕಡೆಯಿಂದ ಬಂದವರು. ನಮ್ಮೂರಿನ ಮೇಲೆ ನನಗಿರುವಷ್ಟೇ ಬೇಸರ ಅವರಿಗೂ ಇತ್ತೆಂದು ಕಾಣುತ್ತದೆ, ಆದರೆ ಓದಿದವರಾದ್ದರಿಂದ ಅದನ್ನು ಮೆಲ್ಲಗೆ ತೋರಿಸುತ್ತಿದ್ದರು. ನಮ್ಮ ಬಳಗವನ್ನೆಲ್ಲ ಬೆಂಚಿನ ಮೇಲೆ ಕೂರಿಸಿ ತಿಳಿಸಿ ಹೇಳಿದರು. ಕೊಯ್ಯುವುದು ಎಡಗಡೆ, ಆದ್ದರಿಂದ ಎಡಗೈಯನ್ನು ಯಾರೂ ಮುಟ್ಟಬಾರದು. ಆಗ ಎಡ ಪುಪ್ಪುಸ ಗಾಳಿ ಹೋದ ಚೀಲದಂತೆ ಕುಸಿದು ಮಲಗುತ್ತದೆ, ಕತ್ತರಿಗೆ ಜಾಗವಾಗುತ್ತದೆ. ಬಲಗೈಯೊಂದನ್ನೇ ಹಿಡಿದು ಉಸಿರು ಕೊಡಬೇಕು, ಅದೂ ಸಣ್ಣ ಉಸಿರು. ಎರಡು ಪುಪ್ಪುಸಕ್ಕೆ ಕೊಡುವುದನ್ನು ಒಂದಕ್ಕೇ ತುಂಬಿದರೆ ಅದು ಹಿಗ್ಗಿ ಹರಿಯುತ್ತದೆ. ಗುಳ್ಳೆ ತೆಗೆದ ಮೇಲೆ ಎಡಗಡೆಯದನ್ನು ತೆರೆಯುವಾಗಲಂತೂ ಇನ್ನೂ ಜೋಪಾನ. ಗಾಳಿಯೊಳಗಿನ ಆಕ್ಸಿಜನ್ ದೀಪವನ್ನೂ ಉರಿಸುತ್ತದೆ, ಕಬ್ಬಿಣಕ್ಕೆ ತುಕ್ಕನ್ನೂ ಹಿಡಿಸುತ್ತದೆ. ಮಡಚಿ ಮಲಗಿದ್ದ ಪುಪ್ಪುಸಕ್ಕೆ ಅದನ್ನು ಒಮ್ಮೆಲೇ ಸುರಿದರೆ ಒಳಗಿನಿಂದ ಸುಟ್ಟುಕೊಳ್ಳುತ್ತದೆ. ಇಷ್ಟು ದಿನ ನಿಮ್ಮವರು ಸತ್ತದ್ದು ಕತ್ತರಿಯಿಂದಲ್ಲ, ನಿಮ್ಮ ಉಸಿರಿನಿಂದ.

ನನಗೆ ಕೂಡಲೇ ಅರ್ಥವಾಯಿತು. ನಾನು ಒಂಬತ್ತನೆಯದಕ್ಕೆ ಶಾಲೆ ಬಿಟ್ಟು ಗ್ಯಾಸ್ ವೆಲ್ಡಿಂಗ್ ಅಂಗಡಿ ಸೇರಿದವನು. ಆಕ್ಸಿಜನ್ ತಿರುಪನ್ನು ಕೂದಲೆಳೆಯಷ್ಟು ಹೆಚ್ಚು ತಿರುವಿದರೆ ಜ್ವಾಲೆ ಗಿಡ್ಡಾಗಿ ಬುಸುಗುಡುತ್ತದೆ, ಕಿಡಿ ಚಿಮ್ಮುತ್ತದೆ, ಬೆಸುಗೆ ಹತ್ತುವುದು ಬಿಟ್ಟು ಕಬ್ಬಿಣವೇ ಉರಿದು ತೂತು ಬೀಳುತ್ತದೆ. ನಾನು ಇದನ್ನು ನಮ್ಮವರಿಗೆ ಹೇಳಲು ಹೋದೆ. ಅವ್ವನ ತಂಗಿ ಚಿಗವ್ವ, ನಿಮ್ಮಕ್ಕ ಏನು ಕಿಟಕಿ ಸರಳೇನೋ ಎಂದು ನನ್ನ ಬಾಯಿ ಮುಚ್ಚಿಸಿದಳು. ಅವರಿಗೆಲ್ಲ ಚುಚ್ಚಿದ್ದು ಒಂದೇ ಮಾತು, ಕೈಯನ್ನು ಖಾಲಿ ಬಿಡಬೇಕೆಂಬುದು. ನಮ್ಮಲ್ಲಿ ಮಲಗಿದವರ ಕೈಯನ್ನು ಯಾರೂ ಹಿಡಿಯದೆ ಬಿಡುವುದು ಹೆಣವಾದ ಮೇಲೆ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು.

ಆದರೂ ಹೇಗೋ ಒಪ್ಪಿಸಿ ಡಾಕ್ಟರು ಪರೀಕ್ಷೆ ಶುರು ಮಾಡಿದರು. ಹತ್ತಿಯ ಒಂದು ಎಳೆಯನ್ನು ಕಡ್ಡಿಗೆ ಸಿಕ್ಕಿಸಿ ಮೂಗಿನ ಮುಂದೆ ಹಿಡಿಯುತ್ತಿದ್ದರು. ಎಳೆ ಅಲುಗಿಯೂ ಅಲುಗದ ಹಾಗೆ, ಒಂದೇ ಸಮ, ಗಂಟೆಗಟ್ಟಲೆ ಉಸಿರಾಡುವವರು ಬೇಕಿತ್ತು. ಇದು ಸಣ್ಣ ಉಸಿರಿನ ಪರೀಕ್ಷೆ ಎಂದು ಮೂರು ಸಲ ಹೇಳಿದ ಮೇಲೂ ಚಿಗವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು ಊದಿದಳು. ದೊಡ್ಡಪ್ಪನ ಮಗ ಸಣ್ಣದು ಸಣ್ಣದು ಎಂದುಕೊಂಡು ಉಸಿರನ್ನೇ ಕಟ್ಟಿ ತಲೆ ತಿರುಗಿ ಬಿದ್ದ, ಅವನಿಗೆ ಗ್ಲೂಕೋಸ್ ಹಾಕಬೇಕಾಯಿತು. ನನ್ನ ಸರದಿಯಲ್ಲಿ ಎಳೆ ಆಡಿನ ಬಾಲದಂತೆ ಆಡಿತು. ಡಾಕ್ಟರು ಕಡ್ಡಿ ಕೆಳಗಿಟ್ಟು, "ಯಾರ ಮೇಲೆ ಇಷ್ಟು ಸಿಟ್ಟು?" ಎಂದು ಕೇಳಿದರು. ಎಲ್ಲರ ಮೇಲೂ ಎಂದೆ. "ನನ್ನ ಮೇಲೂ?" ಎಂದರು. "ಇನ್ನೂ ಇಲ್ರಿ" ಎಂದೆ. ಅವರಿಗೆ ನಗು ಬಂತು, ಆದರೆ ನನ್ನನ್ನು ತೆಗೆದುಹಾಕಿದರು. ತಿಳಿದುಕೊಂಡವನಿಂದ ಏನೂ ಉಪಯೋಗವಿಲ್ಲ ಎನ್ನುವುದು ನನ್ನನ್ನು ಇನ್ನಷ್ಟು ಸುಟ್ಟಿತು.

ಕೊನೆಗೆ ಬಂದವನು ನಮ್ಮ ಸೋದರಮಾವ ಕಲ್ಲಪ್ಪ. ಊರಿನ ಬಾವಿಗಳಿಗೆ ಬಿದ್ದ ಕೊಡ, ಹಗ್ಗ, ಪಂಪಿನ ಪೈಪು ಮುಳುಗಿ ತೆಗೆಯುವುದು ಅವನ ಕೆಲಸ. ಎದೆ ನೋಡಿದರೆ ಕಣಜ. ಉಸಿರು ಕೊಡುವ ಮೊದಲ ಹಕ್ಕು ನಮ್ಮಲ್ಲಿ ಸೋದರಮಾವನದೇ ಆದ್ದರಿಂದ ಅವನು ಪರೀಕ್ಷೆಯನ್ನೇ ಅವಮಾನ ಎಂದುಕೊಂಡಿದ್ದ. ಅವನು ಸುಮ್ಮನೆ ಒಮ್ಮೆ ಉಸಿರು ಬಿಟ್ಟದ್ದಕ್ಕೇ ಎಳೆ ಹಾರಿ ಡಾಕ್ಟರ ಕೂದಲಿಗೆ ಸಿಕ್ಕಿಕೊಂಡಿತು. ಆಗುವುದಿಲ್ಲ ಎಂದರು. ಮಾಮಾ ಸಿಟ್ಟಾಗಲಿಲ್ಲ. ಅವನಿಗೆ ಅಳು ಬಂದಿತ್ತು.

"ಈಕಿ ಸಣ್ಣಾಕಿ ಇದ್ದಾಗ ಬಾವಿಗೆ ಬಿದ್ದಿದ್ಲು ಡಾಕ್ಟ್ರ. ತಳದಿಂದ ಎತ್ತಿಕೊಂಡು ಬಂದೆ. ಸತ್ತಾಳಂತ ಮಂದಿ ಅಳಾಕತ್ತಿದ್ರು. ಎರಡೂ ಕೈ ಹಿಡದು ಒಂದ ಉಸುರು ಕೊಟ್ಟೆ, ಎದ್ದು ಕುಂತ್ಲು. ಅವತ್ತ ನಾ ಸಣ್ಣ ಉಸುರು ಕೊಟ್ಟಿದ್ರ ಇವತ್ತ ನಿಮಗ ಕೊಯ್ಯಾಕ ಈಕಿ ಇರ್ತಿದ್ದಿಲ್ಲ."

"ಅವತ್ತು ನೀವು ಮಾಡಿದ್ದು ಸರಿ" ಎಂದರು ಡಾಕ್ಟರು. "ಇವತ್ತು ಅದೇ ಉಸಿರು ಕೊಟ್ಟರೆ ಅವಳು ಉಳಿಯೋದಿಲ್ಲ."

ನಂಟರೆಲ್ಲ ಮುಗಿದರು. ಡಾಕ್ಟರು ಹಣೆ ಒತ್ತಿಕೊಳ್ಳುತ್ತ, ನಿಮ್ಮ ಬಳಗದಲ್ಲಿ ಮೆತ್ತಗಿನ ಮನುಷ್ಯ ಒಬ್ಬನೂ ಇಲ್ಲವೇ ಎಂದು ಕೇಳಿದರು. ಮಂಚದ ಮೇಲೆ ಕೂತು ಇಷ್ಟು ಹೊತ್ತೂ ನಮ್ಮ ಸರ್ಕಸ್ಸು ನೋಡುತ್ತಿದ್ದ ಅಕ್ಕ ಒಮ್ಮೆ ಕೆಮ್ಮಿ, "ಅವ್ರನ್ನ ಕರೀರಿ" ಎಂದಳು. ಯಾರನ್ನು ಎಂದು ಕೇಳುವ ಅಗತ್ಯ ಇರಲಿಲ್ಲ. ನಾನು ಹಾರಿಬಿದ್ದೆ. ಆ ಹೇಡಿಯ ಕೈಗೆ ನಿನ್ನ ಜೀವ ಕೊಡುತ್ತೀಯಾ, ನಿನ್ನ ಟ್ರಂಕು ಬೀದಿಯಲ್ಲಿದ್ದಾಗ ಅವನ ಗಂಟಲಿಗೆ ಏನು ಬಡಿದಿತ್ತು ಎಂದು ಏನೇನೋ ಕೂಗಿದೆ. ಅಕ್ಕ ನಾನು ಮುಗಿಸುವ ತನಕ ಕಾದಳು.

"ಅಡಿವೆಪ್ಪ, ನಾ ಏಳು ವರ್ಷ ಆ ಮನಶ್ಯಾನ ಮಗ್ಗಲದಾಗ ಮಲಗೀನಿ. ಅದಾನೋ ಇಲ್ಲೋ ಅಂತ ಕತ್ತಲದಾಗ ಮುಟ್ಟಿ ನೋಡಬೇಕಾಗ್ತಿತ್ತು. ಮಗ್ಗಲ ಖೋಲಿಯೊಳಗ ತನ್ನ ಅವ್ವಗ ಎಚ್ಚರಾದೀತಂತ ಹುಟ್ಟಿದಾಗಿಂದ ಹಂಗ ಉಸುರಾಡ್ಯಾನ."

ಕರೆಯಲು ನನ್ನನ್ನೇ ಕಳಿಸಿದರು. ಬೇರೆ ಯಾರೂ ಹೋಗಲು ತಯಾರಿರಲಿಲ್ಲ. ಬಳೆ ಅಂಗಡಿಯ ಗಲ್ಲಾದ ಮುಂದೆ ತಿಪ್ಪವ್ವ ಕೂತಿದ್ದಳು, ಭಾವ ಮೂಲೆಯಲ್ಲಿ ಹಸಿರು ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದ, ಗಾಜಿಗೆ ಗಾಜು ತಾಗಿದ ಸದ್ದೂ ಇರಲಿಲ್ಲ. ನಾನು ವಿಷಯ ಹೇಳಿದೆ. ಬೇಡಿಕೊಳ್ಳುವಂತೆ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಹೊರಗೆ ಬಂದದ್ದು ಜಗಳದ ಹಾಗೆಯೇ. ತಿಪ್ಪವ್ವ, ಯಾವ ಮನೆಯ ಹುಡುಗಿಯೋ ಆ ಮನೆಯ ಉಸಿರು, ನನ್ನ ಮಗನದೇನು ದಾರಿಯಲ್ಲಿ ಬಿದ್ದದ್ದಲ್ಲ ಎಂದಳು. ಭಾವ ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ಮತ್ತೆ ಬಳೆ ನೋಡಿದ. ನಾನು ಅಂಗಡಿಯ ಮುಂದೆ ನಿಂತು ತಾಯಿ ಮಗ ಇಬ್ಬರಿಗೂ ಆಗುವಷ್ಟು ಬೈದು, ಉಗುಳಿ, ಸೈಕಲ್ ತುಳಿದುಕೊಂಡು ವಾಪಸ್ ಬಂದೆ. ಬಂದು ನೋಡಿದರೆ ಅವನು ಆಗಲೇ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಕೂತಿದ್ದಾನೆ. ಹಿಂಬಾಗಿಲಿನಿಂದ ಇಳಿದು ಒಳಗಿನ ಸಂದಿಯಲ್ಲಿ ಓಡಿ ಬಂದಿದ್ದ. ಜೀವಮಾನದಲ್ಲಿ ಒಮ್ಮೆ ತಾಯಿಯ ಮಾತು ಮೀರಿದ್ದು, ಅದನ್ನೂ ಹಿಂಬಾಗಿಲಿನಿಂದ.

ಡಾಕ್ಟರು ಅವನ ಮೂಗಿನ ಮುಂದೆ ಹತ್ತಿಯ ಎಳೆ ಹಿಡಿದರು. ಅಲುಗಲಿಲ್ಲ. ಜೀವ ಇದೆಯೋ ಇಲ್ಲವೋ ಎಂದು ಅವರೇ ಗಾಬರಿಯಾಗಿ ಅವನ ಮುಖ ನೋಡಿದರು. ಆಮೇಲೆ ಕಣ್ಣು ಕಿರಿದು ಮಾಡಿ ಎಳೆಯನ್ನೇ ನೋಡುತ್ತ ಬಹಳ ಹೊತ್ತು ಕೂತರು. ತುದಿ ಒಂದಿಷ್ಟು ಬಾಗುತ್ತಿತ್ತು, ಏಳುತ್ತಿತ್ತು, ಬಾಗುತ್ತಿತ್ತು. ಸಾಕು, ನಾಳೆಯೇ ಮಾಡೋಣ ಎಂದರು.

ಕಲ್ಲಪ್ಪ ಮಾಮಾನ ಮಾನ ಉಳಿಸಬೇಕೆಂದು ಅವ್ವ ಡಾಕ್ಟರ ಕಾಲಿಗೆ ಬಿದ್ದಳು. ಅವನು ಏನೂ ಮಾಡುವುದಿಲ್ಲ, ಬರೀ ಒಳಗೆ ನಿಂತಿರುತ್ತಾನೆ, ಇಲ್ಲದಿದ್ದರೆ ಊರಿನಲ್ಲಿ ಮುಖ ಎತ್ತಿ ತಿರುಗಲಾಗುವುದಿಲ್ಲ ಎಂದಳು. ಕೈ ಹಿಂದಕ್ಕೆ ಕಟ್ಟಿಕೊಂಡು ಗೋಡೆಗೆ ನಿಲ್ಲುವುದಾದರೆ ಬರಲಿ ಎಂದು ಡಾಕ್ಟರು ಒಪ್ಪಿದರು. ದಣಿದಿದ್ದರು, ಅದಕ್ಕೇ ಒಪ್ಪಿದರು. ಅವರ ಮೇಲೆ ನನಗೆ ಸಿಟ್ಟು ಬಂದದ್ದು ಆಗ.

ಅಕ್ಕನನ್ನು ಬಲಮಗ್ಗುಲಿಗೆ ಮಲಗಿಸಿದ್ದರು. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಬಲಗೈಯನ್ನು ಕೆಳಗಿನ ಹಲಗೆಯ ಮೇಲೆ, ಎಡಗೈಯನ್ನು ಮೇಲಿನ ಹಲಗೆಯ ಮೇಲೆ ಇಟ್ಟಿದ್ದರು. ಭಾವ ಸ್ಟೂಲಿನ ಮೇಲೆ ಕೂತು ಬಲ ಮುಂಗೈ ಹಿಡಿದುಕೊಂಡ. ಉಸಿರಿನ ಅಳತೆ ತಪ್ಪದಿರಲೆಂದು ಡಾಕ್ಟರು ಅವನ ಮೂಗಿನ ಮುಂದೆ ಹತ್ತಿಯ ಎಳೆಯೊಂದನ್ನು ಕಟ್ಟಿದರು. ನಾವೆಲ್ಲ ಗಾಜಿಗೆ ಮೂಗು ಒತ್ತಿ ನಿಂತಿದ್ದೆವು. ಗಂಡ ಹೆಂಡತಿ ಬೇರೆಯಾಗಿ ಇಷ್ಟು ದಿನವಾಗಿದೆ, ನಂಟಸ್ತನ ಉಳಿದಿದೆಯೋ ಇಲ್ಲವೋ, ಉಸಿರು ಹೋಗುತ್ತದೋ ಇಲ್ಲವೋ ಎಂದು ಚಿಗವ್ವ ಪಿಸುಗುಟ್ಟುತ್ತಿದ್ದಳು. ಹೋಗದಿರಲಿ ಎಂದು ನನ್ನ ಮನಸ್ಸು ಒಂದು ಗಳಿಗೆ ಹೇಳಿತು. ಹೋಗದಿದ್ದರೆ ಏನಾಗುತ್ತದೆಂದು ಹೊಳೆದು ಬೆವತುಹೋದೆ. ಅಷ್ಟರಲ್ಲಿ ಅಕ್ಕನ ಎದೆ ಏರಿತು. ಬಟ್ಟೆಯ ಮಡಿಕೆ ಒಂದು ಚೂರು ಸಡಿಲಾದಂತೆ, ಅಷ್ಟೇ. ಅವ್ವ ಗಾಜಿಗೆ ಕೈ ಮುಗಿದಳು. ಸುತ್ತ ಶೇಂಗಾ ತಿನ್ನುತ್ತಿದ್ದವರು, ಇದೇನು ಗುಬ್ಬಿಯ ಉಸಿರು, ಹುಡುಗಿ ಸತ್ತೇ ಹೋಗುತ್ತಾಳೆ ಎಂದು ಶುರು ಮಾಡಿದರು. ನಾನು ಅವರ ಕಡೆಗೆ ತಿರುಗಿ ಬಾಯಿ ಮುಚ್ಚಿಸುವುದರಲ್ಲೇ ಅರ್ಧ ಆಪರೇಷನ್ ಕಳೆಯಿತು.

ಗುಳ್ಳೆಯನ್ನು ಒಡೆಯದಂತೆ ಹೊರಗೆ ತಂದರು. ಬಿಳಿ, ನುಣ್ಣಗೆ, ಕೋಳಿಮೊಟ್ಟೆಯ ಒಳಪೊರೆಯಂಥ ಚೀಲ. ತಟ್ಟೆಗೆ ಹಾಕಿದಾಗ ಅಲುಗಾಡಿತು. ಇನ್ನು ಒಳಗಿನ ಸಣ್ಣ ಗಾಳಿದಾರಿಗಳನ್ನು ಹೊಲಿದು ಮುಚ್ಚಬೇಕಿತ್ತು, ಅದು ಮುಗಿಯುವ ತನಕ ಎಡ ಪುಪ್ಪುಸ ಮಲಗಿರಬೇಕಿತ್ತು. ಕಲ್ಲಪ್ಪ ಮಾಮಾ ಗೋಡೆಗೆ ನಿಂತು ಅಷ್ಟು ಹೊತ್ತೂ ಅಕ್ಕನ ಎಡಗೈಯನ್ನೇ ನೋಡುತ್ತಿದ್ದ. ಬೆರಳುಗಳ ಉಗುರು ಸ್ವಲ್ಪ ನೀಲಿಯಾಗಿದ್ದವೋ ಏನೋ, ಅಥವಾ ಅವನ ಕಣ್ಣಿಗೆ ಹಾಗೆ ಕಂಡವೋ. ಅವನು ಎರಡು ಹೆಜ್ಜೆ ಮುಂದೆ ಬಂದದ್ದನ್ನು ನಾನು ನೋಡಿದೆ. ಗಾಜು ಬಡಿದೆ. ಒಳಗೆ ಯಾರಿಗೂ ಕೇಳಲಿಲ್ಲ. ಮಾಮಾ ಭಾವನ ಹೆಗಲ ಮೇಲಿಂದ ಬಾಗಿ, ನೀರಿನ ತಳದಲ್ಲಿ ಕೊಡದ ಕಂಠ ಹಿಡಿಯುವಂತೆ ಆ ಎಡಗೈಯನ್ನು ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿ, ತನ್ನ ಕಣಜ ತುಂಬಾ ಉಸಿರೆಳೆದ.

ಕೊಯ್ಯುವ ಡಾಕ್ಟರ ಬೆರಳಿನ ನಡುವೆ ಮಲಗಿದ್ದ ಪುಪ್ಪುಸ ಒಮ್ಮೆಲೇ ಉಬ್ಬಿ ಎದ್ದಿತು. ಹಾಕಿದ್ದ ಹೊಲಿಗೆ ಹರಿದು ಕೆಂಪು ಚಿಮ್ಮಿತು. ಮೆಹರು ಡಾಕ್ಟರು ಮೇಜಿನ ತಲೆಯ ಕಡೆಯಿಂದ ಸುತ್ತಿ ಬರಬೇಕಿತ್ತು, ಮಾಮಾ ಆಗಲೇ ಎರಡನೆಯ ಉಸಿರು ಎಳೆಯುತ್ತಿದ್ದ. ಆಗ ಭಾವ ಕೂತಲ್ಲಿಂದಲೇ, ಹಿಂತಿರುಗಿಯೂ ನೋಡದೆ, ಕತ್ತೆ ಒದೆಯುವಂತೆ ಹಿಂದಕ್ಕೆ ಒದ್ದ. ಮೊಳಕಾಲಿಗೆ ಒಂದು, ಅದು ಸಾಲದೆಂದು ಹೊಟ್ಟೆಗೆ ಇನ್ನೊಂದು. ಬಾವಿಯ ತಳ ಕಂಡು ಬರುವ ಕಲ್ಲಪ್ಪ ಮಾಮಾ ಕೈ ಬಿಟ್ಟು ನೆಲಕ್ಕೆ ಕೂತುಬಿಟ್ಟ. ನಾನು ನೋಡಿದ್ದು ಮಾತ್ರ ಬೇರೆ. ಭಾವನ ಮೂಗಿನ ಮುಂದೆ ಡಾಕ್ಟರು ಕಟ್ಟಿದ್ದ ಹತ್ತಿಯ ಎಳೆ ಇತ್ತಲ್ಲ, ಅದು ಒದೆಯುವಾಗಲೂ ಮೊದಲಿನ ಹಾಗೆಯೇ ಬಾಗುತ್ತಿತ್ತು, ಏಳುತ್ತಿತ್ತು.

ಹೊಲಿಗೆ ಮತ್ತೆ ಹಾಕಿದರು. ಆದರೆ ಬೆಂಕಿ ಹೊಕ್ಕಿತ್ತು. ಎಡ ಪುಪ್ಪುಸ ಒಳಗೊಳಗೇ ಸುಟ್ಟುಕೊಳ್ಳುತ್ತಿದೆ, ಬಾಯಿಗೆ ಗುಲಾಬಿ ಬಣ್ಣದ ನೊರೆ ಬರುತ್ತಿದೆ, ಇದು ಆರುವ ತನಕ ಎಚ್ಚರ ಮಾಡಿಸುವುದಿಲ್ಲ ಎಂದು ಮೆಹರು ಡಾಕ್ಟರು ಹೇಳಿದರು. ಭಾವ ಬಲಗೈಯನ್ನು ಪೂರ್ತಿ ಹಿಡಿಯಬೇಕು, ಎಡಗೈಯನ್ನು ಎರಡೇ ಬೆರಳಿನಿಂದ ಹಿಡಿದು ಇನ್ನೂ ಸಣ್ಣದಾಗಿ ಕೊಡುತ್ತಿರಬೇಕು. ಉಳಿಯುತ್ತಾಳಾ ಎಂದು ನಾನು ಕೇಳಿದೆ. ಅವನು ಹೀಗೆಯೇ ಕೂತಿದ್ದರೆ ನೋಡೋಣ ಎಂದರು.

ಅವನು ಹಾಗೆಯೇ ಕೂತ. ಎರಡೂ ಕೈ ಕಟ್ಟಿಬಿದ್ದಿದ್ದರಿಂದ ಅವನಿಗೆ ಯಾರಾದರೂ ಉಣ್ಣಿಸಬೇಕಿತ್ತು. ಅವ್ವ ಮಾಮಾನ ಆರೈಕೆಯಲ್ಲಿದ್ದಳು, ಚಿಗವ್ವ ಗುಬ್ಬಿ ಉಸಿರಿನವನ ಮುಖ ನೋಡುವುದಿಲ್ಲ ಎಂದು ಮನೆಗೆ ಹೋಗಿದ್ದಳು. ಉಳಿದವನು ನಾನು. ಮಧ್ಯಾಹ್ನದ ಬಿಸಿಲು ಕಾಲಮೇಲೆ ಬೀಳುವಾಗ ಜೋಳದ ರೊಟ್ಟಿ ಮುರಿದು, ಹಾಲಿನಲ್ಲಿ ನೆನೆಸಿ, ಮಗುವಿಗೆ ಕೊಡುವಷ್ಟು ಸಣ್ಣ ತುತ್ತು ಮಾಡಿ ಅವನ ಬಾಯಿಗೆ ಇಟ್ಟೆ. ಏಟು ಕೊಡಲೆಂದು ಇಟ್ಟುಕೊಂಡಿದ್ದ ಕೈಯಿಂದಲೇ. ನನ್ನ ಹೊಟ್ಟೆಯೊಳಗೆ ಕುದಿಯುತ್ತಿದ್ದುದನ್ನೆಲ್ಲ ಒಂದೊಂದು ತುತ್ತಿಗೆ ಒಂದೊಂದರಂತೆ ಹೇಳಿದೆ. ಟ್ರಂಕಿನ ವಿಷಯ ಹೇಳಿದೆ. ಅದರ ಮೇಲೆ ಅಕ್ಕ ಕೂತಿದ್ದ ರೀತಿ ಹೇಳಿದೆ. ಬರುವ ದಾರಿಯಲ್ಲಿ ಅವಳು ಒಂದು ಸಲವೂ ಅಳದೆ, ಅವರಿಗೆ ಸಂಜೆ ಚಹಾ ಯಾರು ಕೊಡುತ್ತಾರೋ ಎಂದು ಕೇಳಿದ್ದನ್ನೂ ಹೇಳಿದೆ. ಅವನು ಉತ್ತರ ಕೊಡುವಂತಿರಲಿಲ್ಲ. ಮಾತಾಡಿದರೆ ಉಸಿರು ಕೆಡುತ್ತದೆ. ಅಳುವಂತೆಯೂ ಇರಲಿಲ್ಲ. ತುತ್ತು ಅಗಿದ, ನುಂಗಿದ, ಬಾಯಿ ತೆರೆದ. ಎದುರಿನವನು ತಿರುಗಿ ಒಂದು ಮಾತೂ ಆಡದಿದ್ದರೆ ಬೈಯುವವನಿಗೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಮರುದಿನ ಬೈಗುಳ ಕಡಿಮೆಯಾಯಿತು. ಅದರ ಮರುದಿನ ಅವನ ಮೂಗು ತುರಿಸುತ್ತಿದೆ ಎಂದು ಹುಬ್ಬಿನಿಂದಲೇ ತಿಳಿದು ನಾನೇ ಕೆರೆದೆ. ನಿದ್ದೆ ಬಂದರೆ ಗೋಡೆಗೆ ಒರಗುತ್ತಿದ್ದ. ನಿದ್ದೆಯಲ್ಲೂ ಎಳೆ ಅಷ್ಟೇ ಅಲುಗುತ್ತಿತ್ತು.

ಒಂದು ಬೆಳಿಗ್ಗೆ ನೊರೆ ನಿಂತಿತ್ತು. ಡಾಕ್ಟರು ಫೋಟೋ ತೆಗೆಸಿ ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆದು ತೋರಿಸಿದರು. ಬೆಳ್ಳಗೆ ಮಂಜು ಕವಿದಂತಿದ್ದ ಎಡಭಾಗದಲ್ಲಿ ಕಪ್ಪು ಬಂದಿತ್ತು, ಕಪ್ಪೆಂದರೆ ಗಾಳಿ ಎಂದು ಹೇಳಿದರು. ಮಂಪರು ನಿಲ್ಲಿಸಿದರು. ಹೊತ್ತು ಏರಿದ ಮೇಲೆ ಅಕ್ಕ ಕಣ್ಣು ತೆರೆದಳು. ಒಂದೊಂದೇ ಬೆರಳು ಬಿಡಿ ಎಂದು ಭಾವನಿಗೆ ಹೇಳಿದರು. ಅವನು ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬಿಟ್ಟ. ಕೊನೆಯ ಬೆರಳು ಬಿಟ್ಟಾಗ ನಾವೆಲ್ಲ ಅಕ್ಕನ ಎದೆಯನ್ನೇ ನೋಡುತ್ತಿದ್ದೆವು. ಅದು ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ತನ್ನಷ್ಟಕ್ಕೆ ತಾನು ಏರಿತು, ಎರಡೂ ಕಡೆ. ಅಕ್ಕ ಒಮ್ಮೆ ಕೆಮ್ಮಿದಳು, ಒಣ ಕೆಮ್ಮು, ನೀರಿಲ್ಲದ್ದು. ಅವ್ವ ಅತ್ತಳು. ಕಲ್ಲಪ್ಪ ಮಾಮಾ ಕುಂಟುತ್ತ ಬಾಗಿಲ ತನಕ ಬಂದು ಒಳಗೆ ಬರಲು ನಾಚಿ ಅಲ್ಲೇ ನಿಂತ. ಈ ಗದ್ದಲದಲ್ಲಿ ಸ್ಟೂಲು ಖಾಲಿಯಾದದ್ದನ್ನು ಯಾರೂ ನೋಡಲಿಲ್ಲ. ಭಾವ ಹೋದದ್ದು ಎಂದಿನಂತೆ ಕೇಳಿಸಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಹೊರಗೆ ಅಂಗಳದಿಂದ ಒಂದು ಕೂಗು ಬಂತು. ಮೊದಲು ಯಾವುದೋ ಎತ್ತಿಗೆ ಗಾಡಿ ತಾಗಿತೆಂದುಕೊಂಡೆ. ಕಿಟಕಿಗೆ ಹೋಗಿ ನೋಡಿದರೆ ಭಾವ ನೀರಿನ ಟಾಕಿಯ ಪಕ್ಕ ಮೊಳಕಾಲೂರಿ ಕೂತು ಎರಡೂ ಕೈಯಿಂದ ನೆಲ ಹಿಡಿದುಕೊಂಡು ಅಳುತ್ತಿದ್ದ. ಅಳುವುದೆಂದರೆ ಹೊಟ್ಟೆಯ ತಳದಿಂದ ಬಾಯಿ ಪೂರ್ತಿ ತೆರೆದು, ಉಸಿರು ಮುಗಿಯುವ ತನಕ ಕೂಗಿ, ಮತ್ತೆ ಎದೆ ತುಂಬ ಎಳೆದು ಮತ್ತೆ ಕೂಗುವುದು. ಟಾಕಿಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಹೋದವು. ಅಂಗಳದಲ್ಲಿದ್ದವರು ಸುತ್ತ ನೆರೆದರು. ಅವರಲ್ಲಿ ಒಬ್ಬ ಮುದುಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಉಳಿದವರಿಗೆ ಹೇಳಿದ್ದು ನನಗೆ ಮೇಲಿನ ತನಕ ಸ್ಪಷ್ಟವಾಗಿ ಕೇಳಿಸಿತು.

"ನೋಡ್ರಿ ಇವನ್ನ. ಇಷ್ಟ ಉಸುರು ಹೊಟ್ಟಿಯಾಗ ಇಟಗೊಂಡು ಆ ಹುಡುಗಿಗೆ ಅಷ್ಟ ಅಷ್ಟ ಕೊಟ್ಟಾನ. ಎಂಥಾ ಜಿಪುಣ."

ಉಳಿದವರು ಹೌದೆಂದು ತಲೆಯಾಡಿಸಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಕೆಳಗೆ ಇಳಿದು ಆ ಮುದುಕನ ಪಂಚೆಯ ಗಂಟು ಹಿಡಿದು ಕೇಳಬೇಕೆಂದು ತಿರುಗಿದೆ. ಅಕ್ಕ ದಿಂಬಿನ ಮೇಲೆ ತಲೆ ವಾಲಿಸಿ ಕಿಟಕಿಯ ಕಡೆ ನೋಡುತ್ತಿದ್ದಳು.

"ಯಾರದು ಅದು, ಅಷ್ಟ ದನಿ ತಗದು ಅಳೂದು?" ಎಂದು ಕೇಳಿದಳು. ಅವಳ ದನಿ ಇನ್ನೂ ಗಾಳಿಯಷ್ಟೇ ಇತ್ತು.

"ನಿನ್ನ ಗಂಡಂದು" ಎಂದೆ.

"ಚ್ಯಾಷ್ಟಿ ಮಾಡಬ್ಯಾಡ. ಅವ್ರಿಗೆ ಅಷ್ಟ ದನಿ ಎಲ್ಲೈತಿ."

ಹೊರಗೆ ಅವನು ಇನ್ನೊಮ್ಮೆ ಎದೆ ತುಂಬ ಎಳೆದುಕೊಂಡು ಕೂಗಿದ. ಅಕ್ಕ ಕಣ್ಣು ಮುಚ್ಚಿಕೊಂಡಳು, ನಿದ್ದೆಗಲ್ಲ, ಕೇಳುವುದಕ್ಕೆ. ಡಾಕ್ಟರು ರೋಗಿಗೆ ಗದ್ದಲ ಆಗಬಾರದು ಎಂದಿದ್ದರು. ನಾನು ಕಿಟಕಿಯ ಬಾಗಿಲಿಗೆ ಕೈ ಹಾಕಿ, ಮುಚ್ಚಲೇನು ಎಂದು ಕೇಳಿದೆ.

"ಬ್ಯಾಡ" ಎಂದಳು. "ಇರ್ಲಿ."